ಮುಚ್ಚಿದ ಬಾನೆಟ್ಟಿನ ಕೆಳಗೆ

ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬೇಕೇ? ಮಾಡಿದರೆ ಅದರಿಂದ ಯಾರಿಗೆ ಏನು ಬಂತು? ಇದು ಬಹಳ ಹಳೆಯ ಪ್ರಶ್ನೆ. ದಾನ, ಪ್ರಾಮಾಣಿಕತೆ, ಸಾರ್ವಜನಿಕ ಹಣ ಮುಂತಾದ ದೊಡ್ಡ ಸಂಗತಿಗಳನ್ನು ಮುಂದಿಟ್ಟುಕೊಂಡೇ ನಾವು ಇದನ್ನು ಕೇಳಿಕೊಳ್ಳುತ್ತ ಬಂದಿದ್ದೇವೆ. ಈ ಸಲ ಒಂದು ತೀರಾ ಸಣ್ಣ ಸಂಗತಿಯನ್ನು ಎತ್ತಿಕೊಳ್ಳೋಣ. ಅಂಗೈ ಮೇಲೆ ಕೂರುವಷ್ಟು ಚಿಕ್ಕ ರೇಸ್ ಕಾರಿನ ಮಾದರಿಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕುಳಿತು ಜೋಡಿಸುವ ಹವ್ಯಾಸ ಅದು.

ಈ ಹವ್ಯಾಸಕ್ಕೆ ಜಗತ್ತಿನಾದ್ಯಂತ ಹೆಸರಾದದ್ದು ಜಪಾನಿನ ತಮಿಯಾ ಕಂಪನಿ. ಮರ ಕೊಯ್ಯುವ ಕಾರ್ಖಾನೆಯಾಗಿ ಶುರುವಾಗಿ, ಮರದ ಮಾದರಿಗಳನ್ನು ಮಾಡಿ, ಆಮೇಲೆ ಪ್ಲಾಸ್ಟಿಕ್ಕಿಗೆ ಬಂದ ಕಂಪನಿ ಇದು. 1967ರಲ್ಲಿ ಅದು ಹೋಂಡಾ ಆರ್‌ಎ 273 ಎಂಬ ಫಾರ್ಮುಲಾ ಒನ್ ಕಾರನ್ನು ಹನ್ನೆರಡರಲ್ಲಿ ಒಂದು ಪಾಲು ಅಳತೆಯಲ್ಲಿ ಹೊರತಂದಿತು. ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನ ಕಾರುಗಳೂ ಇವೆ. ಈ ಅಳತೆಯಲ್ಲಿ ನಾಲ್ಕೂವರೆ ಮೀಟರ್ ಉದ್ದದ ಕಾರು 19 ಸೆಂ.ಮೀ.ಗಿಂತ ಚಿಕ್ಕದಾಗುತ್ತದೆ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಬಿಡಿಸಬೇಕು, ವಾಟರ್ ಪೇಪರ್ ಹಿಡಿದು ಉಜ್ಜಬೇಕು, ಪ್ರೈಮರ್ ಬಳಿಯಬೇಕು, ಬಣ್ಣ ಸಿಂಪಡಿಸಬೇಕು, ನೀರಲ್ಲಿ ನೆನೆಸಿದ ತೆಳು ಸ್ಟಿಕ್ಕರುಗಳನ್ನು ಸುಕ್ಕಾಗದಂತೆ ಕೂರಿಸಬೇಕು.

ಇಷ್ಟಕ್ಕೆ ತೃಪ್ತರಾಗದವರು ಎಂಜಿನ್ನಿಗೆ ಕೈ ಹಾಕುತ್ತಾರೆ. ನಿಜವಾದ ಕಾರಿನ ಸ್ಪಾರ್ಕ್ ಪ್ಲಗ್ಗಿನ ವೈರು ಸುಮಾರು 7 ಮಿ.ಮೀ. ದಪ್ಪ. ಮಾದರಿಯಲ್ಲಿ ಅದು 0.3 ಮಿ.ಮೀ.ನಷ್ಟೂ ಇರಬಾರದು. ಕರೆಂಟಿನ ವೈರು ಸುಲಿದು, ಅದರೊಳಗಿನ ತಾಮ್ರದ ಎಳೆಯೊಂದನ್ನು ಚಿಮಟದಲ್ಲಿ ಹಿಡಿದು, ಸೂಜಿಯಷ್ಟು ತೂತಿಗೆ ತೂರಿಸುತ್ತಾರೆ. ಹೀಗೆ ಒಂದೊಂದೇ ಎಳೆ. ಎಲ್ಲ ಮುಗಿದ ಮೇಲೆ ಬಾನೆಟ್ಟು ಮುಚ್ಚಿ ಅಂಟು ಹಾಕಿಬಿಡುವವರೂ ಉಂಟು. ಇನ್ನು ಅದನ್ನು ಯಾರೂ ನೋಡಲಾರರು.

ರಾಣೆಬೆನ್ನೂರು ತಾಲೂಕಿನ ಹಲಗೇರಿಯಲ್ಲಿ ಕುಳಿತು ಕೇಳುವವರಿಗೆ ಇದು ದೂರದೇಶದ, ಉಳ್ಳವರ ಶೋಕಿ ಅನ್ನಿಸಬಹುದು. ಆದರೆ ಹಾವೇರಿ ಸೀಮೆಗೆ ಮಾದರಿ ಮಾಡುವ ಕೈಗಳೇನೂ ಹೊಸತಲ್ಲ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಜೋಡಿ ಎತ್ತು ಮಣ್ಣಿನಲ್ಲಿ ಮೂಡುತ್ತವೆ, ಅವುಗಳ ಮುಂದೊಂದು ಗ್ವಾದಲಿಯೂ ಇರುತ್ತದೆ. ಜೋಳದ ದಂಟು ಕೈಗೆ ಸಿಕ್ಕರೆ ಹಳ್ಳಿಯ ಹುಡುಗರು ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡರಿಸಿ, ಸಿಪ್ಪೆಯ ಸಿಬಿರನ್ನೇ ಮೊಳೆಯಾಗಿ ಚುಚ್ಚಿ ಚಕ್ಕಡಿ ಮಾಡುತ್ತಿದ್ದರು. ಸವೆದ ಹವಾಯಿ ಚಪ್ಪಲಿಯ ಅಟ್ಟೆ ಗಾಲಿಯಾಗುತ್ತಿತ್ತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಖಾಲಿ ಚಕ್ಕಡಿ ಓಡಿಸುವ ಸ್ಪರ್ಧೆ ನೋಡಿ ಬಂದ ಹುಡುಗನ ಕೈಯಲ್ಲಿ ಆ ದಂಟಿನ ಬಂಡಿ ರೇಸಿನ ಬಂಡಿಯೇ. ಅಳತೆ ಹೆಚ್ಚುಕಮ್ಮಿ ಆಗಿರಬಹುದು. ಆದರೆ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಇಡುವುದನ್ನು ಮಾತ್ರ ಅವನು ಮರೆಯುತ್ತಿರಲಿಲ್ಲ. ಪೆಟ್ಟಿಗೆ ಬೇರೆ, ಪ್ಲಾಸ್ಟಿಕ್ಕು ಬೇರೆ, ಹಂಬಲ ಒಂದೇ: ದೊಡ್ಡದನ್ನು ಕೈಯಳತೆಗೆ ತಂದುಕೊಂಡು, ಅದು ಹೇಗೆ ನಿಂತಿದೆ, ಹೇಗೆ ಓಡುತ್ತದೆ ಎಂದು ಬೆರಳುಗಳಿಂದ ತಿಳಿದುಕೊಳ್ಳುವುದು.

ಈಗ ಪ್ರಶ್ನೆಗೆ ಬರೋಣ. ಮುಚ್ಚಿಹೋಗುವ ಎಂಜಿನ್ನಿಗೆ ವೈರು ಏಕೆ?

ಹೆಚ್ಚುಗಾರಿಕೆಗೆ ಎನ್ನುವುದು ಸುಲಭದ ಉತ್ತರ. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಮುಚ್ಚುವ ಮೊದಲು ಫೋಟೋ ತೆಗೆದು ನಾಲ್ಕು ಜನರಿಗೆ ತೋರಿಸಿದರೆ ಅದು ಕಾಣದ ಕೆಲಸವಾಗಿ ಉಳಿಯುವುದಿಲ್ಲ. ಆದರೆ ಫೋಟೋ ತೆಗೆಯದೆಯೂ ಮಾಡುವವರಿದ್ದಾರೆ. ಅವರನ್ನು ಕೇಳಿದರೆ 'ಅಲ್ಲಿ ವೈರು ಇಲ್ಲ ಅಂತ ನನಗೆ ಗೊತ್ತಿರುತ್ತದಲ್ಲ' ಎಂದಾರು. ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ಹೊಗಳುವವರಿಲ್ಲ, ಕೂಲಿ ಕೊಡುವವರಿಲ್ಲ, ತಪ್ಪು ಹಿಡಿಯುವವರೂ ಇಲ್ಲ. ಇಷ್ಟೆಲ್ಲ ಇಲ್ಲದಿರುವಾಗಲೂ ಕೈ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ ಎಂದರೆ, ಆ ಮನುಷ್ಯನೊಳಗೆ ಒಬ್ಬ ಸಾಕ್ಷಿ ಎಚ್ಚರವಾಗಿದ್ದಾನೆ ಎಂದರ್ಥ.

ಆದರೆ ಇಲ್ಲಿಗೇ ಬೆನ್ನು ತಟ್ಟಿ ಮುಗಿಸುವಂತಿಲ್ಲ. ನಾಜೂಕುತನ ತಾನಾಗಿಯೇ ನೀತಿಯಾಗುವುದಿಲ್ಲ. ಖೋಟಾ ನೋಟು ಮುದ್ರಿಸುವವನದೂ ನಾಜೂಕಿನ ಕೈಯೇ, ಅವನೂ ಕೂದಲೆಳೆಯಷ್ಟು ತಪ್ಪಾಗದಂತೆ ದುಡಿಯುತ್ತಾನೆ. ಹಾಗಾದರೆ ಅಚ್ಚುಕಟ್ಟುತನಕ್ಕೆ ನೀತಿಯ ತೂಕ ಬರುವುದು ಎಲ್ಲಿಂದ?

ಒಂದು ಕಾರನ್ನೇ ಉದಾಹರಣೆಗೆ ನೋಡೋಣ. ಮಾದರಿ ಕಟ್ಟುವವರಿಗೆ ಬಹಳ ಪ್ರಿಯವಾದ ಕಾರುಗಳಲ್ಲಿ ಲೋಟಸ್ 72 ಒಂದು. 1970ರಲ್ಲಿ ಅದು ಕೆಂಪು, ಬಿಳಿ, ಚಿನ್ನದ ಬಣ್ಣದಲ್ಲಿ ಓಡಿತು. ಅವು ಗೋಲ್ಡ್ ಲೀಫ್ ಎಂಬ ಸಿಗರೇಟಿನ ಬಣ್ಣಗಳು. ಆಗ ಶುರುವಾಗಿದ್ದ ಸಿಗರೇಟಿನ ಹಣದ ಹರಿವು ರೇಸಿನ ಮೇಲೆ ದಶಕಗಳ ಕಾಲ ಹಿಡಿತ ಸಾಧಿಸಿತು. 2005ರಲ್ಲಿ ಯುರೋಪ್ ಒಕ್ಕೂಟ ಇಂಥ ಜಾಹೀರಾತನ್ನು ನಿಷೇಧಿಸಿತು. ಇಂದಿನ ಹಲವು ಮಾದರಿಗಳ ಪೆಟ್ಟಿಗೆಯಲ್ಲಿ ಸಿಗರೇಟಿನ ಹೆಸರಿನ ಸ್ಟಿಕ್ಕರ್ ಇರುವುದಿಲ್ಲ. ನಿಖರತೆ ಬೇಕೆನ್ನುವವರು ಬೇರೆ ಕಡೆಯಿಂದ ಅದನ್ನು ಕೊಂಡು ತಂದು ಅಂಟಿಸುತ್ತಾರೆ. ಇದರಲ್ಲಿ ಯಾವುದು ಸರಿ? ಅಂಟಿಸದಿದ್ದರೆ ಇತಿಹಾಸಕ್ಕೆ ಸುಳ್ಳು. ಅಂಟಿಸಿದರೆ ಮನೆಯ ಮಕ್ಕಳ ಕಣ್ಣೆದುರು ಒಂದು ಪುಕ್ಕಟೆ ಜಾಹೀರಾತು.

ಅದೇ ಕಾರಿನಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಯಾವ ಸ್ಟಿಕ್ಕರೂ ತೋರಿಸಲಾರದು. 1970ರ ಸೆಪ್ಟೆಂಬರಿನಲ್ಲಿ ಇಟಲಿಯ ಮಾಂಜಾದಲ್ಲಿ ರೇಸಿಗೆ ಮುಂಚಿನ ಓಟದ ವೇಳೆ ಲೋಟಸ್ 72 ಓಡಿಸುತ್ತಿದ್ದ ಯೋಖೆನ್ ರಿಂಟ್ ತೀರಿಕೊಂಡರು. ಮುಂಬದಿಯ ಬ್ರೇಕಿನ ಶಾಫ್ಟು ಮುರಿದಿತ್ತು. ಕಾರು ಹೋಗಿ ಗುದ್ದಿದ ತಡೆಬೇಲಿಯನ್ನೂ ಸರಿಯಾಗಿ ಕೂರಿಸಿರಲಿಲ್ಲ. ಅದುವರೆಗೆ ಅವರು ಗಳಿಸಿದ್ದ ಅಂಕಗಳನ್ನು ಆ ವರ್ಷ ಯಾರೂ ದಾಟಲಿಲ್ಲ. ಸತ್ತ ಮೇಲೆ ವಿಶ್ವ ಚಾಂಪಿಯನ್ ಆದವರು ಫಾರ್ಮುಲಾ ಒನ್ ಇತಿಹಾಸದಲ್ಲಿ ಅವರೊಬ್ಬರೇ. ಕಪಾಟಿನ ಗಾಜಿನ ಹಿಂದೆ ಹೊಳೆಯುವ ಮಾದರಿಯಲ್ಲಿ ಬ್ರೇಕಿನ ಶಾಫ್ಟೂ ಇರಬಹುದು. ಆದರೆ ಅದು ಮುರಿದರೆ ಯಾರೂ ಸಾಯುವುದಿಲ್ಲ. ನಿಜವಾದ ಬಂಡಿಯಲ್ಲಿ ಕಣ್ಣಿಗೆ ಕಾಣದ ಒಂದು ತುಂಡು ಲೋಹ, ಸಡಿಲವಾದ ಒಂದು ಬೋಲ್ಟು, ಒಬ್ಬ ಮನುಷ್ಯನ ಜೀವದ ಬೆಲೆ ಬಾಳುತ್ತದೆ.

ಅಚ್ಚುಕಟ್ಟುತನಕ್ಕೆ ನೀತಿಯ ತೂಕ ಬರುವುದು ಇಲ್ಲಿಂದಲೇ. ನಮ್ಮ ಚನ್ನಪಟ್ಟಣದ ಗೊಂಬೆ ಮಾಡುವವರನ್ನು ನೋಡಿ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತೆಂದು ಹೇಳಲಾಗುವ ಈ ಕಸುಬಿನಲ್ಲಿ ಮೃದುವಾದ ಹಾಲೆಮರವನ್ನು ತಿರುಗಣಿಗೆ ಕೊಟ್ಟು, ಅರಗಿನ ಬಣ್ಣ ಹಿಡಿಸಿ, ಮೈಯೆಲ್ಲ ನುಣುಪಾಗಿಸುತ್ತಾರೆ. ಸಸ್ಯಮೂಲದ ಬಣ್ಣ ಬಳಸುವವರೂ ಇದ್ದಾರೆ. ಅವರ ನುಣುಪು ಅಂದಕ್ಕಷ್ಟೇ ಅಲ್ಲ. ಆಟಿಕೆ ಕೊನೆಗೆ ಸೇರುವುದು ಎಳೆಯ ಮಗುವಿನ ಬಾಯಿಗೆ. ಆ ಮಗುವನ್ನು ಮಾಡಿದವರು ನೋಡಿರುವುದಿಲ್ಲ, ಮಾಡಿದವರ ಹೆಸರು ಮಗುವಿಗೆ ಗೊತ್ತಾಗುವುದಿಲ್ಲ. ಕಾಣದ ಜಾಗದ ಕೆಲಸಕ್ಕೆ ಕಾಣದ ಒಬ್ಬ ಮನುಷ್ಯನ ಯೋಚನೆ ಸೇರಿದಾಗ ನಾಜೂಕುತನ ನೀತಿಯಾಗುತ್ತದೆ.

ಇನ್ನು ನಮ್ಮ ಹೆದ್ದಾರಿಗೆ ಬರೋಣ. ಪುಣೆ–ಬೆಂಗಳೂರು ರಸ್ತೆ ಹಾವೇರಿ, ರಾಣೆಬೆನ್ನೂರುಗಳನ್ನು ಹಾದುಹೋಗುತ್ತದೆ. ಇಂಥ ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ತಗಡು ಬಡಿಯುವುದು, ಪಟ್ಟಿ ಹಚ್ಚುವುದು, ವಾಟರ್ ಪೇಪರ್ ಹಿಡಿದು ಉಜ್ಜುವುದು, ಪ್ರೈಮರ್ ಬಳಿಯುವುದು, ಬಣ್ಣ ಸಿಂಪಡಿಸುವುದು ದಿನವಿಡೀ ನಡೆಯುತ್ತದೆ. ಹವ್ಯಾಸಿಯ ಮೇಜಿನ ಮೇಲೆ ನಡೆಯುವ ಅದೇ ಕೆಲಸ, ಅದೇ ಅನುಕ್ರಮದಲ್ಲಿ. ಅಳತೆ ಮಾತ್ರ ಪೂರಾ. ಆದರೂ ಒಂದನ್ನು ನಾವು ಕಲೆ ಎನ್ನುತ್ತೇವೆ, ಇನ್ನೊಂದನ್ನು 'ಗ್ಯಾರೇಜ್ ಕೆಲಸ' ಎನ್ನುತ್ತೇವೆ. ಒಬ್ಬನ ಬೆರಳಿನ ಬಣ್ಣ ಅಭಿರುಚಿಯ ಗುರುತು, ಇನ್ನೊಬ್ಬನ ಬೆರಳಿನ ಗ್ರೀಸು ಓದು ತಲೆಗೆ ಹತ್ತದವನ ಗುರುತು. ಇಂಥ ಗ್ಯಾರೇಜುಗಳಲ್ಲಿ ಮುಸ್ಲಿಂ ಮನೆಗಳ ಎಷ್ಟು ಹುಡುಗರಿದ್ದಾರೆಂಬುದು ನಮಗೆಲ್ಲ ಗೊತ್ತು. ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಂತ ಕಸುಬುಗಳನ್ನೇ ಹೆಚ್ಚು ನೆಚ್ಚಿಕೊಂಡಿರುವುದನ್ನು 2006ರ ಸಾಚಾರ್ ಸಮಿತಿ ವರದಿಯೂ ಗುರುತಿಸಿತ್ತು. ಲಾರಿಯೊಂದರ ಬ್ರೇಕಿನ ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿ ಕಳಿಸುವ ಮಿಸ್ತ್ರಿಯೂ ಯಾರೂ ನೋಡದ ಜಾಗದಲ್ಲೇ ಕೆಲಸ ಮಾಡುತ್ತಾನೆ. ಅವನ ಆ ಒಂದು ಸುತ್ತಿನ ಮೇಲೆ ಎಷ್ಟೋ ಮನೆಗಳ ದೀಪ ನಿಂತಿರುತ್ತದೆ. ಅವನಿಗೆ ಮಾತ್ರ ಬಹುಮಾನವಿಲ್ಲ, ಪ್ರದರ್ಶನವಿಲ್ಲ.

ಹಾಗೆಂದು ಹವ್ಯಾಸ ವ್ಯರ್ಥ, ದುಡಿಮೆ ಮಾತ್ರ ಪವಿತ್ರ ಎಂದು ತೀರ್ಪು ಕೊಡುವುದೂ ತಪ್ಪೇ. ಬಡವರಿರುವ ನಾಡಿನಲ್ಲಿ ಆಟವೇಕೆ ಎಂದು ಕೇಳುವವರು, ಬಡವನಿಗೂ ಆಟ ಬೇಕು ಎಂಬುದನ್ನು ಮರೆತಿರುತ್ತಾರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟಗಳನ್ನು ಮಗುವಿನ ಹಕ್ಕು ಎಂದೇ ಹೇಳಿದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿತು. 14 ವರ್ಷದೊಳಗಿನವರನ್ನು ಗ್ಯಾರೇಜಿನಂಥ ಕಡೆ ದುಡಿಸುವುದು 2016ರ ತಿದ್ದುಪಡಿಯ ನಂತರ ಪೂರ್ತಿ ಕಾನೂನುಬಾಹಿರ. ಆದರೆ ಕಾನೂನು ಹುಡುಗನ ಕೈಯಿಂದ ಪಾನಾ ಕಸಿದುಕೊಂಡರಷ್ಟೇ ಸಾಲದು. ಆ ಕೈಗೆ ಪುಸ್ತಕ ಸಿಗಬೇಕು, ಅದರ ಜೊತೆಗೆ ಒಂದು ಬಂಡಿ ಮಾಡಿಕೊಳ್ಳುವಷ್ಟು ಬಿಡುವೂ ಸಿಗಬೇಕು. ಏಕೆಂದರೆ ಬೈಗುಳದ ಭಯವಿಲ್ಲದೆ, ಕೂಲಿಯ ಆಸೆಯಿಲ್ಲದೆ, ಕೆಲಸವನ್ನು ಕೆಲಸದ ಸಲುವಾಗಿಯೇ ಚೆನ್ನಾಗಿ ಮಾಡುವ ಸುಖವನ್ನು ಮನುಷ್ಯ ಮೊದಲು ಕಲಿಯುವುದು ಆಟದಲ್ಲಿ. ದಂಟಿನ ಚಕ್ಕಡಿಗೆ ಕಡಾಣಿ ಇಟ್ಟ ಕೈ ನಾಳೆ ಲಾರಿಯ ನಟ್ಟನ್ನೂ ಬಿಗಿ ಮಾಡೀತು, ಸರ್ಕಾರಿ ಕಡತವನ್ನೂ ಸರಿಯಾಗಿ ಬರೆದೀತು.

ಆದ್ದರಿಂದ ಮಾದರಿ ಕಟ್ಟುವವರನ್ನು ನಾವು ಹಂಗಿಸಬೇಕಿಲ್ಲ. ಅವರಲ್ಲಿ ಕೇಳಿಕೊಳ್ಳಬೇಕಾದದ್ದು ಒಂದೇ. ಬಾನೆಟ್ಟಿನ ಕೆಳಗೆ ತೋರಿದ ಆ ಶ್ರದ್ಧೆ ಮೇಜಿನಿಂದ ಇಳಿದು ಬೀದಿಗೂ ಬರಲಿ. ತಮ್ಮ ಬೈಕು ರಿಪೇರಿ ಮಾಡಿಕೊಡುವ ಹುಡುಗನ ಕೈಗೆಲಸವನ್ನು ಅದೇ ಕಣ್ಣಿನಿಂದ ನೋಡಲಿ, ಅವನ ಕೂಲಿಯಲ್ಲಿ ಚೌಕಾಸಿ ಮಾಡುವ ಮುಂಚೆ ಒಂದು ಕ್ಷಣ ತಡೆಯಲಿ. ಕೂದಲೆಳೆಯಷ್ಟು ತಾಮ್ರದ ತಂತಿಯನ್ನು ಗುರುತಿಸಬಲ್ಲ ಕಣ್ಣಿಗೆ ಎದುರಿಗೆ ನಿಂತ ಮನುಷ್ಯ ಕಾಣದೇ ಹೋಗಬಾರದು.