ದಯೆಯೊ, ಋಣವೊ?

ನನ್ನ ತರಗತಿಯಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನಿದ್ದಾನೆ. ಒಂದು ಸಂಜೆ ಅವನು ನನ್ನ ಕೊಠಡಿಗೆ ಬಂದು, "ಸಾರ್, ವಿದ್ಯಾರ್ಥಿವೇತನದ ಪ್ರಕಟಣೆ ಜಾಲತಾಣದಲ್ಲಿ ಬಂದಿದೆಯಂತೆ. ಸ್ವಲ್ಪ ಓದಿ ಹೇಳುತ್ತೀರಾ?" ಎಂದ. ಓದಿದೆ. ಕಡೆಯ ದಿನಾಂಕ, ಲಗತ್ತಿಸಬೇಕಾದ ಕಾಗದಪತ್ರ, ಎಲ್ಲವನ್ನೂ ಎರಡೆರಡು ಸಲ ಹೇಳಿದೆ. ಅವನು ಕೈಮುಗಿದು ಹೋದ. ನಿಜವನ್ನೇ ಹೇಳುವುದಾದರೆ, ಅಂದು ಮನೆಗೆ ನಡೆಯುವಾಗ ನನ್ನ ಮನಸ್ಸು ಹಗುರವಾಗಿತ್ತು. ಒಂದು ಪುಣ್ಯದ ಕೆಲಸ ಮಾಡಿದೆನೆಂಬ ತೃಪ್ತಿ.

ಆ ತೃಪ್ತಿ ಬಹಳ ದಿನ ಉಳಿಯಲಿಲ್ಲ. ಮತ್ತೊಮ್ಮೆ ಅವನು ಬಂದಾಗ, "ನಿನ್ನ ಫೋನೇ ಎಲ್ಲವನ್ನೂ ಓದಿ ಹೇಳುತ್ತದಲ್ಲ?" ಎಂದು ಕೇಳಿದೆ. "ಬರಹವಾಗಿದ್ದರೆ ಓದುತ್ತದೆ ಸಾರ್. ಅವರು ಹಾಕಿರುವುದು ಕಾಗದದ ಫೋಟೋ" ಎಂದ. ಸ್ವಲ್ಪ ತಡೆದು, ಸಂಕೋಚದಿಂದ ಸೇರಿಸಿದ: "ತಾವು ಕಳಿಸುವ ಟಿಪ್ಪಣಿಗಳೂ ಹಾಗೇ ಸಾರ್."

ಹೌದು, ನನ್ನ ಕೈಬರಹದ ಹಾಳೆಗಳ ಚಿತ್ರ ತೆಗೆದು ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಕಳಿಸುತ್ತಿದ್ದವನು ನಾನು.

ಯಂತ್ರಕ್ಕೆ ಅಕ್ಷರ ಬೇರೆ, ಅಕ್ಷರದ ಚಿತ್ರ ಬೇರೆ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಗಟ್ಟಿಯಾಗಿ ಓದಬಲ್ಲದು. ಚಿತ್ರವಾದರೆ ಚಿತ್ರವೆಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ಉಪಾಯಗಳು ಈಚೆಗೆ ಬಂದಿವೆ, ನಿಜ; ಆದರೆ ಓರೆಯಾದ ಹಾಳೆ, ಮಾಸಿದ ಅಚ್ಚು, ನನ್ನಂಥವರ ಕೈಬರಹ ಇವುಗಳ ಮುಂದೆ ಅವು ತಡವರಿಸುತ್ತವೆ. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಬರೆದದ್ದರ ಪಾಡು ಇನ್ನೂ ವಿಚಿತ್ರ: ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇನ್ನು ಮೌಸ್ ಹಿಡಿಯಲು ಕೈ ಸ್ವಾಧೀನವಿಲ್ಲದವರು, ಕಿವಿ ಕೇಳದವರು, ತಿಳಿ ಬೂದುಬಣ್ಣದ ಸಣ್ಣ ಅಕ್ಷರ ಕಾಣದ ಮುದುಕರು ಇದ್ದಾರೆ. ಇವರೆಲ್ಲರಿಗೂ ಎಟುಕುವಂತೆ ಜಾಲತಾಣವನ್ನು ಕಟ್ಟುವುದು ಹೇಗೆಂಬ ಮಾರ್ಗಸೂಚಿ 1999ರಲ್ಲಿಯೇ ಹೊರಬಂದಿದೆ. ದಾರಿ ತಿಳಿಯದೆಂದು ಹೇಳುವಂತಿಲ್ಲ.

ಹಾಗಾದರೆ ಈ ಕೆಲಸವನ್ನು ನಾವು ಏನೆಂದು ಕರೆಯಬೇಕು? ದಯೆಯೆಂದೊ, ಋಣವೆಂದೊ? "ಕೆಲವೇ ಜನರಿಗಾಗಿ ಇಷ್ಟೆಲ್ಲ ಶ್ರಮವೇಕೆ? ಕೇಳಿದರೆ ಓದಿ ಹೇಳುವವರು ಇದ್ದೇ ಇರುತ್ತಾರಲ್ಲ?" ಎನ್ನುವವರುಂಟು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದ ಅಂಗವಿಕಲರ ಸಂಖ್ಯೆ 2.68 ಕೋಟಿ. ಆದರೆ ಸಂಖ್ಯೆಯಿಂದ ಈ ವಾದವನ್ನು ಗೆಲ್ಲುವುದು ನನಗೆ ಬೇಕಿಲ್ಲ. ನಮ್ಮ ಅಂಕಪಟ್ಟಿಯನ್ನು ನಾವು ಮೊದಲು ಒಬ್ಬರೇ ನೋಡಿಕೊಳ್ಳುತ್ತೇವೆ. ಬ್ಯಾಂಕಿನ ಲೆಕ್ಕ, ರಕ್ತಪರೀಕ್ಷೆಯ ವರದಿಗಳೂ ಹಾಗೆಯೇ. ಓದಿ ಹೇಳುವವರನ್ನು ಹುಡುಕಬೇಕಾದವನಿಗೆ ಈ ಗುಟ್ಟಿನ ಸುಖವಿಲ್ಲ. ಅವನ ಸೋಲು ಗೆಲುವುಗಳು ಅವನಿಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಾಗುತ್ತವೆ. ಮೇಲೆ ಅವನು ಕೃತಜ್ಞನೂ ಆಗಿರಬೇಕು.

ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣವನ್ನು ನೋಡಿ. ಆಸಿಡ್ ದಾಳಿಗೆ ತುತ್ತಾಗಿ ಕಣ್ಣುಗಳಿಗೆ ತೀವ್ರ ಹಾನಿಯಾಗಿದ್ದ ಮಹಿಳೆಯೊಬ್ಬರು 2023ರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದರು. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತಾವು ಜೀವಂತವಾಗಿರುವುದನ್ನು ರುಜುವಾತುಪಡಿಸಬೇಕೆಂದು ಆ ವ್ಯವಸ್ಥೆ ಕೇಳಿತು. ಎದುರಿಗೆ ನಿಂತು ಮಾತನಾಡುತ್ತಿದ್ದವರಿಗೆ, ಬದುಕಿದ್ದೇನೆಂದು ತೋರಿಸಲು ಸಾಧ್ಯವಾಗಲಿಲ್ಲ! ವಿಷಯ ಬಯಲಾಗಿ ಗದ್ದಲವೆದ್ದ ಮೇಲೆ ಅವರಿಗೆ ವಿನಾಯಿತಿ ಸಿಕ್ಕಿತು. ವಿನಾಯಿತಿಯೆಂಬುದು ದಯೆಯ ಮಾತು. ಅದು ಒಬ್ಬರಿಗೆ ಸಿಗುತ್ತದೆ, ಹಿಂದೆ ನಿಂತವರಿಗೆ ಸಿಗುವುದಿಲ್ಲ. 2025ರ ಏಪ್ರಿಲ್ 30ರಂದು ನ್ಯಾಯಾಲಯ ಇಂಥ ಸೌಲಭ್ಯಗಳು ಎಲ್ಲರಿಗೂ ಎಟುಕಬೇಕಾದದ್ದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಆ ಯಂತ್ರವನ್ನು ರೂಪಿಸಿದವರು ಕ್ರೂರಿಗಳೆಂದು ನಾನು ಹೇಳಲಾರೆ. ಮನುಷ್ಯನೆಂದರೆ ತಮ್ಮಂತೆ ಎಂದುಕೊಂಡರು, ಅಷ್ಟೆ. ನಾನೂ ಅಷ್ಟೇ ಮಾಡಿದ್ದೆ.

ಋಣವೆಂದರೆ ಯಾರಿಂದಲಾದರೂ ಏನನ್ನಾದರೂ ಪಡೆದಿರಬೇಕಲ್ಲ, ಇಲ್ಲಿ ನಾವು ಪಡೆದದ್ದೇನು ಎಂದು ವಾಚಕರು ಕೇಳಬಹುದು. ಹಿಂದೆ ಕಚೇರಿಯ ಸೂಚನಾ ಫಲಕವೂ ಕುರುಡನಿಗೆ ಕಾಣುತ್ತಿರಲಿಲ್ಲ, ನಿಜ. ಆದರೆ ಪಕ್ಕದ ಕಿಟಕಿಯಲ್ಲಿ ಗುಮಾಸ್ತನೊಬ್ಬನಿದ್ದ. ಗೊಣಗುತ್ತಲಾದರೂ ಉತ್ತರ ಹೇಳುತ್ತಿದ್ದ. ಹೇಳುವುದು ಅವನ ಕೆಲಸವಾಗಿತ್ತು. ನಮ್ಮ ಸಮಯ ಉಳಿಯಲೆಂದು, ಸರತಿಯಲ್ಲಿ ನಿಲ್ಲುವುದು ತಪ್ಪಲೆಂದು, ಒಂದೊಂದಾಗಿ ಆ ಕಿಟಕಿಗಳನ್ನು ಮುಚ್ಚಿ ಎಲ್ಲವನ್ನೂ ಜಾಲತಾಣಕ್ಕೆ ಸಾಗಿಸುತ್ತಿದ್ದೇವೆ. ಅನುಕೂಲ ನಮಗಾಯಿತು, ಅದರ ಬೆಲೆಯನ್ನು ತೆತ್ತವರು ಅವರು. ಇದು ಋಣವಲ್ಲದೆ ಮತ್ತೇನು?

ದಯೆ ಬೇಡವೆಂದು ನಾನು ಹೇಳುತ್ತಿಲ್ಲ. ದಯೆಯಿಲ್ಲದ ಲೋಕದಲ್ಲಿ ಬಾಳುವುದು ಕಷ್ಟ. ಆದರೆ ತೀರಿಸಬೇಕಾದ ಸಾಲವನ್ನು ದಾನವೆಂದು ಕೊಟ್ಟು ಕೈಮುಗಿಸಿಕೊಳ್ಳುವುದು ಮರ್ಯಾದೆಯಲ್ಲ. ಮೊದಲ ದಿನ ನಾನು ಮಾಡಿದ್ದು ಅದನ್ನೇ.

ನನ್ನ ಟಿಪ್ಪಣಿಗಳನ್ನೆಲ್ಲ ಹೊಸದಾಗಿ ಬೆರಳಚ್ಚು ಮಾಡಲು ನಾಲ್ಕು ಭಾನುವಾರಗಳು ಹಿಡಿದವು. ಈಗ ಆ ಹುಡುಗ ಓದಿ ಹೇಳಿರೆಂದು ಬರುವುದಿಲ್ಲ. ಮೊನ್ನೆ ಬಂದವನು, ಪಂಪನ ಕರ್ಣನ ವಿಷಯದಲ್ಲಿ ನಾನು ಬರೆದದ್ದು ಸರಿಯಲ್ಲವೆಂದು ಅರ್ಧ ಗಂಟೆ ವಾದ ಮಾಡಿದ. ಹೊರಡುವಾಗ ಕೈಮುಗಿಯುವುದನ್ನು ಮರೆತ.