ಮೊದಲ ಪಾಠ ಯಾರಿಗಾಗಿ?



ಪ್ರತಿ ವರ್ಷ ಶಿಕ್ಷಕರ ತರಬೇತಿ ಪಡೆಯುತ್ತಿರುವ ತರುಣ ತರುಣಿಯರು ಅಭ್ಯಾಸ ಪಾಠಕ್ಕೆಂದು ನಮ್ಮ ಪ್ರಾಥಮಿಕ ಶಾಲೆಗಳಿಗೆ ಬರುತ್ತಾರೆ. ಕೈಯಲ್ಲಿ ಪಾಠ ಯೋಜನೆ, ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು, ಎದೆಯಲ್ಲಿ ಡವಡವ. ಎದುರಿಗೆ ಮೂವತ್ತು ನಲವತ್ತು ಮಕ್ಕಳು. ಹಿಂದಿನ ಬೆಂಚಿನಲ್ಲಿ ಅಂಕ ಕೊಡಲು ಕುಳಿತ ವೀಕ್ಷಕರು. ಇದನ್ನು ಕಂಡು ಕೆಲವು ತಂದೆತಾಯಂದಿರು, "ಫಾದರ್, ಇವರು ಕಲಿಯುವುದಕ್ಕೆ ನಮ್ಮ ಮಕ್ಕಳೇ ಬೇಕಿತ್ತೇ?" ಎಂದು ಕೇಳುವುದುಂಟು.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮಕ್ಕಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಮನುಷ್ಯನನ್ನು ಎಂದೂ ಬರಿಯ ಸಾಧನವಾಗಿ ಬಳಸಕೂಡದೆಂದು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದ. ನಮ್ಮ ವಿಶ್ವಾಸವಾದರೋ ಇನ್ನೂ ಮುಂದೆ ಹೋಗಿ, ಮಗು ದೇವರ ಪ್ರತಿರೂಪವೆಂದು ಸಾರುತ್ತದೆ. ಅಂಥ ಮಗುವನ್ನು ಗೀಚಿ ಅಳಿಸುವ ಹಲಗೆಯಂತೆ ಬಳಸಬಹುದೇ?

ಇನ್ನೊಂದು ಕಡೆಯನ್ನೂ ನೋಡಿ. ಮೊದಲ ಸೂಜಿ ಚುಚ್ಚದೆ ಯಾರೂ ನರ್ಸ್ ಆಗುವುದಿಲ್ಲ. ಮೊದಲ ಪ್ರಬೋಧನೆ ಮಾಡದೆ ಯಾರೂ ಪ್ರಬೋಧಕರಾಗುವುದಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ತನ್ನ 2014ರ ನಿಯಮಗಳಲ್ಲಿ ಎರಡು ವರ್ಷದ ತರಬೇತಿಗೆ ಕನಿಷ್ಠ 20 ವಾರಗಳ ಶಾಲಾ ಅನುಭವವನ್ನು ವಿಧಿಸಿದ್ದು ಇದೇ ಕಾರಣಕ್ಕೆ. ಮಕ್ಕಳಿಂದ ದೂರ ಕುಳಿತು ಮಕ್ಕಳಿಗೆ ಕಲಿಸುವುದನ್ನು ಕಲಿಯಲಾಗದು. ಆದ್ದರಿಂದ ಮಕ್ಕಳ ಮುಂದೆ ಕಲಿಯಬಹುದೇ ಎಂಬುದಕ್ಕಿಂತ, ಆ ಮೊದಲ ಪಾಠ ಯಾರಿಗಾಗಿ ನಡೆಯುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂರನೇ ತರಗತಿ, ಗಣಿತ, ದಶಕ ಬಿಡಿಸಿ ಕಳೆಯುವ ಲೆಕ್ಕ. ತರಬೇತಿಯ ತರುಣಿ ಹಲಗೆಯ ಮೇಲೆ 52ರಲ್ಲಿ 27 ಕಳೆಯಿರಿ ಎಂದು ಬರೆಯುತ್ತಾಳೆ. ಮುಂದಿನ ಸಾಲಿನ ಜಾಣ ಮಕ್ಕಳು 25 ಎಂದು ಕೂಗುತ್ತಾರೆ. ಮೂಲೆಯ ಹುಡುಗನೊಬ್ಬನ ಸ್ಲೇಟಿನಲ್ಲಿ ಮಾತ್ರ 35 ಎಂದಿದೆ. ಅವನು 7ರಲ್ಲಿ 2 ಕಳೆದಿದ್ದಾನೆ, 5ರಲ್ಲಿ 2 ಕಳೆದಿದ್ದಾನೆ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕೆಂದು ಹಿಂದೆ ಕಲಿತದ್ದನ್ನೇ ಪಾಲಿಸಿದ್ದಾನೆ. ಅವನ ತಪ್ಪಿಗೂ ಒಂದು ಕಾರಣವಿದೆ. ಗಂಟೆ ಬಾರಿಸಲು ಹತ್ತೇ ನಿಮಿಷ. ಯೋಜನೆಯಲ್ಲಿ ಮೌಲ್ಯಮಾಪನ, ಗೃಹಪಾಠ ಇನ್ನೂ ಬಾಕಿ. ಅವನನ್ನು ಕಾಣದವಳಂತೆ ಮುಂದೆ ಹೋದರೆ ಪಾಠ ಪೂರ್ತಿಯಾಗುತ್ತದೆ, ಅಂಕವೂ ಬರಬಹುದು. ಅವನ ಬಳಿ ಕುಳಿತು ಹತ್ತು ಕಡ್ಡಿಗಳ ಕಟ್ಟೊಂದನ್ನು ಬಿಚ್ಚಿ, "ನೋಡು ಮರಿ, ಈಗ ಬಿಡಿ ಕಡ್ಡಿ ಎಷ್ಟಾಯಿತು?" ಎಂದು ಕೇಳಿದರೆ ಯೋಜನೆ ಅರ್ಧಕ್ಕೇ ನಿಲ್ಲುತ್ತದೆ.

ಅಲ್ಲಿ ಕುಳಿತವಳು ಮಗುವನ್ನು ಸಾಧನವಾಗಿ ಬಳಸಲಿಲ್ಲ. ಅವಳು ಅನನುಭವಿ ನಿಜ, ಆದರೆ ಆ ಹುಡುಗನಿಗೆ ಅನ್ಯಾಯ ಮಾಡಲಿಲ್ಲ. ಅನುಭವವಿಲ್ಲದಿರುವುದು ಪಾಪವಲ್ಲ, ಮಗು ಕಣ್ಣೆದುರಿಗಿದ್ದೂ ಕಾಣದಂತೆ ನಡೆಯುವುದು ಪಾಪ. ಇಪ್ಪತ್ತು ವರ್ಷ ಅನುಭವವಿರುವ ಶಿಕ್ಷಕರೂ ಈ ಮಾತಿಗೆ ಹೊರತಲ್ಲ.

ಹದಿಮೂರನೇ ಶತಮಾನದಲ್ಲಿ ಸಂತ ತೋಮಸ್ ಅಕ್ವೀನಾಸರು ಸತ್ಯವನ್ನು ಕುರಿತ ತಮ್ಮ ಗ್ರಂಥದಲ್ಲಿ ಶಿಕ್ಷಕರನ್ನು ವೈದ್ಯರಿಗೆ ಹೋಲಿಸಿದರು. ದೇಹ ತನ್ನೊಳಗಿನ ಶಕ್ತಿಯಿಂದ ಗುಣವಾಗುತ್ತದೆ, ವೈದ್ಯ ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ದೇವರು ಮಗುವಿನ ಬುದ್ಧಿಯಲ್ಲಿ ಬೆಳಕನ್ನು ಇಟ್ಟಿದ್ದಾರೆ. ಶಿಕ್ಷಕರು ಆ ಬೆಳಕಿಗೆ ನೆರವಾಗುತ್ತಾರೆ. ಕೊಡದಿಂದ ಕೊಡಕ್ಕೆ ನೀರು ಸುರಿದಂತೆ ಜ್ಞಾನವನ್ನು ಸುರಿಯಲಾಗದು. ಕಡ್ಡಿ ಎಣಿಸುತ್ತಾ 25 ಎಂದು ಕಂಡುಕೊಳ್ಳಬೇಕಾದವನು ಆ ಹುಡುಗನೇ.

ಸಂತ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ ನೋಡಿ. ತಂದೆಯೊಬ್ಬ ನರಳುತ್ತಿದ್ದ ಮಗನನ್ನು ಯೇಸುವಿನ ಶಿಷ್ಯರ ಬಳಿಗೆ ತಂದ. ಇನ್ನೂ ಕಲಿಯುತ್ತಿದ್ದ ಆ ಶಿಷ್ಯರು ಜನರ ಗುಂಪಿನ ಎದುರೇ ಸೋತರು. ಯೇಸುಸ್ವಾಮಿ ಮೊದಲು ಆ ಹುಡುಗನನ್ನು ಗುಣಪಡಿಸಿದರು. ಆಮೇಲೆ ಮನೆಯೊಳಗೆ ಶಿಷ್ಯರು ತಮ್ಮಿಂದೇಕೆ ಆಗಲಿಲ್ಲವೆಂದು ಕೇಳಿದಾಗ, ಪ್ರಾರ್ಥನೆಯ ಅಗತ್ಯವನ್ನು ಅವರಿಗೆ ತಿಳಿಸಿದರು. ಮೊದಲು ಮಗುವಿನ ಒಳಿತು, ನಂತರ ಕಲಿಯುವವರ ಪಾಠ. ಸೋತ ಶಿಷ್ಯರನ್ನು ಅವರು ಕೈಬಿಡಲಿಲ್ಲ. ಅವರ ಕಲಿಕೆಗಾಗಿ ಮಗುವನ್ನು ನರಳಲೂ ಬಿಡಲಿಲ್ಲ. ತರಗತಿಯ ಹಿಂದೆ ಕುಳಿತ ಹಿರಿಯರಿಗೂ ಇಲ್ಲಿ ಮಾದರಿಯಿದೆ. ಮಗುವಿಗೆ ಅರ್ಥವಾಗದೆ ಹೋದರೆ ಮರುದಿನ ತಿಳಿಸಿಕೊಡುವುದು, ಹೊಸಬರ ತಪ್ಪನ್ನು ಮಕ್ಕಳೆದುರು ಆಡದೆ ಒಳಗೆ ಕರೆದು ಹೇಳುವುದು ಅವರ ಕರ್ತವ್ಯ.

ಇನ್ನು ಮೊದಲ ಪಾಠ ಮುಗಿಸಿ ಮುಖ ಬಾಡಿಸಿಕೊಂಡು ಮನೆಗೆ ಬರುವ ನಮ್ಮ ಮಕ್ಕಳ ಮಾತು. ಕಾರ್ತೇಜಿನಲ್ಲಿ ದೇವೋಗ್ರಾತಿಯಾಸ್ ಎಂಬ ಉಪಯಾಜಕರಿದ್ದರು. ಹೊಸಬರಿಗೆ ಧರ್ಮೋಪದೇಶ ಮಾಡುವಾಗ ತಮ್ಮ ಮಾತು ತಮಗೇ ಸಪ್ಪೆಯೆನಿಸುತ್ತದೆಂದು ಅವರು ಸಂತ ಅಗಸ್ಟೀನರಲ್ಲಿ ದುಃಖ ತೋಡಿಕೊಂಡರು. ಮಹಾ ಪಂಡಿತರಾದ ಅಗಸ್ಟೀನರು ಕೊಟ್ಟ ಉತ್ತರವೇನು? ತಮ್ಮ ಮಾತೂ ತಮಗೆ ಬಹುಪಾಲು ತೃಪ್ತಿ ಕೊಡುವುದಿಲ್ಲ. ಆದರೆ ಹೇಳುವವರಿಗೆ ಸಪ್ಪೆಯೆನಿಸಿದ್ದು ಕೇಳುವವರಿಗೂ ಹಾಗೆಯೇ ಇರಬೇಕಾಗಿಲ್ಲ ಎಂದರು. ನಿಂತು ಕೇಳಿ ದಣಿದವರಿಗೆ ಕೂರಲು ಆಸನ ಕೊಡಿ ಎಂಬ ಸಣ್ಣ ಸಲಹೆಯನ್ನೂ ಅವರು ಮರೆಯಲಿಲ್ಲ.

ತಂದೆತಾಯಂದಿರೇ, ನಿಮ್ಮ ಚೊಚ್ಚಲ ಮಗುವನ್ನು ಸಾಕಲು ನೀವು ಯಾವ ತರಬೇತಿ ಪಡೆದಿದ್ದಿರಿ? ಎತ್ತಿಕೊಳ್ಳುವುದು, ಗದರುವುದು, ಶಿಲುಬೆಯ ಗುರುತು ಹಾಕಲು ಕಲಿಸುವುದು, ಎಲ್ಲವನ್ನೂ ಆ ಮಗುವಿನ ಜೊತೆಯಲ್ಲೇ ಕಲಿತಿರಿ. ಪ್ರೀತಿ ಇದ್ದುದರಿಂದ ನಿಮ್ಮ ತಡವರಿಕೆಯನ್ನು ಮಗು ತಾಳಿಕೊಂಡಿತು. ಆದ್ದರಿಂದ ನಿಮ್ಮ ಮಕ್ಕಳ ಶಾಲೆಗೆ ಬರುವ ಆ ಹೊಸಬರ ವಿಷಯದಲ್ಲಿ ತಾಳ್ಮೆಯಿರಲಿ. ನಿಮ್ಮ ಮನೆಯಿಂದಲೇ ಒಬ್ಬರು ಅಭ್ಯಾಸ ಪಾಠಕ್ಕೆ ಹೊರಟಿದ್ದರೆ, ಸಂಜೆ ಬಂದಾಗ ಎಷ್ಟು ಅಂಕ ಬಂತೆಂದು ಮೊದಲು ಕೇಳಬೇಡಿ. ಒಂದು ಲೋಟ ಕಾಫಿ ಕೊಟ್ಟು, "ಇವತ್ತು ಯಾವ ಮಗುವಿಗೆ ಕಷ್ಟವಾಯಿತು?" ಎಂದು ಕೇಳಿ. ಆ ಮಗುವಿಗಾಗಿ ಅಂದಿನ ಜಪಸರದಲ್ಲಿ ಮನೆಯವರೆಲ್ಲ ಸೇರಿ ಪ್ರಾರ್ಥಿಸಿ.