ಕಾರ್ಪೆಟ್ ಕೆಳಗಿನ ನೀರು

ಕಾರು ಮಾರೋಕೆ ಒಬ್ಬರ ಹತ್ತಿರ ಮಾತಾಡಿ ಮುಗಿಸಿದ್ದೆ. ಅದೇ ವಾರ ಮಳೆ. ಬೆಳಗ್ಗೆ ನೋಡಿದರೆ ಎಡಗಡೆ ಸೀಟಿನ ಮುಂದೆ ಕಾಲಿಡುವ ಜಾಗವೆಲ್ಲ ಒದ್ದೆ. ಎಸಿ ನೀರಾ ಅಂದ್ರೆ, ಎಸಿ ಹಾಕಿಯೇ ಇರಲಿಲ್ಲ.

ಮೆಕ್ಯಾನಿಕ್ ಹುಡುಗ ನನ್ನ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿದ. ಹೊರಗಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡುತ್ತಾ ಕೆಳಗಿನಿಂದ ಮೇಲಕ್ಕೆ ಬಂದ. ಬಾಗಿಲಿನ ಹತ್ತಿರ ಏನೂ ಇಲ್ಲ. ವೈಪರ್ ಬುಡಕ್ಕೆ ಬಿಟ್ಟಾಗ ಡ್ಯಾಶ್‌ಬೋರ್ಡ್ ಹಿಂದಿನಿಂದ ಒಂದು ಗೆರೆ ಇಳಿಯಿತು. ಅಲ್ಲಿನ ಪ್ಲಾಸ್ಟಿಕ್ ಬಿಚ್ಚಿದರೆ ಕೊಳೆತು ಗೊಬ್ಬರವಾದ ಹೊಂಗೆ ಎಲೆ! ನೀರು ಹೊರಹೋಗುವ ತೂತು ಮುಚ್ಚಿ, ಗಾಳಿ ಬರುವ ದಾರಿಯಲ್ಲಿ ಒಳಗೆ ಇಳಿಯುತ್ತಿತ್ತು. ನೆರಳು ಅಂತ ಮರದಡಿ ನಿಲ್ಲಿಸುತ್ತಿದ್ದವನು ನಾನೇ.

ಎಲೆ ತೆಗೆದದ್ದು ಹತ್ತು ನಿಮಿಷದ ಕೆಲಸ. ಆದರೆ ಕಾರ್ಪೆಟ್ ಕೆಳಗಿನ ಸ್ಪಾಂಜ್ ಹಿಂಡಿದಷ್ಟೂ ನೀರು. ವೈರಿನ ಕನೆಕ್ಟರ್‌ನಲ್ಲಿ ಹಸಿರು ಕಿಲುಬು. ಒಂದು ಮಳೆಯ ಕಥೆ ಅಲ್ಲ ಇದು.

“ಒಣಗಿಸಿ ಪರ್ಫ್ಯೂಮ್ ಹೊಡೀರಿ ಸಾರ್, ಗೊತ್ತಾಗಲ್ಲ.”

ಕೇಳಿದರೆ ಸುಳ್ಳು ಹೇಳಲ್ಲ, ಕೇಳದಿದ್ದರೆ ನಾನ್ಯಾಕೆ ಹೇಳಲಿ? ಸೋರೋದು ನಿಂತಿದೆಯಲ್ಲ! ರಾತ್ರಿಯೆಲ್ಲ ಇದೇ ವಾದ. ಆದರೆ ಒದ್ದೆ ಕಂಡರೆ ತಾನೇ ಅವರು ಕೇಳೋದು? ಸುಮ್ಮನಿರೋದು ಬೇರೆ, ಅವರು ಕೇಳಬಹುದಾದ ಪ್ರಶ್ನೆಯನ್ನೇ ಒರೆಸಿ ಸುಮ್ಮನಿರೋದು ಬೇರೆ.

ಬೆಳಗ್ಗೆ ಫೋನ್ ಮಾಡಿ ಹೇಳಿದೆ. ಫೋಟೋ ಕಳಿಸಿ ಅಂದರು. ಕಿಲುಬಿನದನ್ನೂ ಕಳಿಸಿದೆ, ಸ್ವಲ್ಪ ತಡೆದು. ಎರಡು ದಿನವಾಯ್ತು, ಉತ್ತರ ಇಲ್ಲ. ಕಾರ್ಪೆಟ್ ಬಾಲ್ಕನಿಯಲ್ಲಿ ಒಣಗ್ತಾ ಇದೆ.